ಸ್ಟೇಶಾಳ ಮೀನಟ್ಟ ನೋಡಲು ಬಂದ ಇಬ್ಬರು ಅಧಿಕಾರಿಗಳು

ರಾಸ್ಕೀನ್ ಕೊಲ್ಲಿಯಲ್ಲಿ ಬಾಗಿಲು ತಟ್ಟುವ ಅಭ್ಯಾಸ ಯಾರಿಗೂ ಇಲ್ಲ. ಬಂದವರು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ, ಬೂಟು ಬಿಚ್ಚುತ್ತಾರೆ, ಒಲೆಯ ಪಕ್ಕದ ಬೆಂಚಿನ ಮೇಲೆ ಕೂರುತ್ತಾರೆ. ಆಮೇಲೆ ಮನೆಯವರು ತಿರುಗಿ ನೋಡಿ ‘ಓ, ನೀನಾ’ ಅನ್ನುತ್ತಾರೆ.

ಕ್ರಿಸ್‌ಮಸ್ಸಿನ ಹನ್ನೆರಡು ದಿನ ಮಾತ್ರ ಬಾಗಿಲು ತಟ್ಟುವ ಸದ್ದು ಕೇಳುತ್ತದೆ. ತಟ್ಟುವವರು ವೇಷದವರು. ಗಂಡಸರು ಹೆಂಗಸರ ಕೋಟು ತೊಟ್ಟು, ಹೆಂಗಸರು ಗಂಡಸರ ಚಲ್ಲಣ ತೊಟ್ಟು, ಮುಖಕ್ಕೆ ಕಿಟಕಿಯ ಪರದೆಯನ್ನೋ ದಿಂಬಿನ ಚೀಲವನ್ನೋ ಇಳಿಬಿಟ್ಟುಕೊಂಡು ಸಂಜೆ ಹೊತ್ತಿಗೆ ಮನೆಮನೆಗೆ ಬರುತ್ತಾರೆ. ದನಿಯ ಗುರುತು ಸಿಗಬಾರದು ಅಂತ ಉಸಿರನ್ನು ಒಳಕ್ಕೆ ಎಳೆದುಕೊಳ್ಳುತ್ತಾ ಮಾತಾಡುತ್ತಾರೆ. ಮನೆಯವರು ಅವರನ್ನು ಕುಣಿಸಬೇಕು, ತಿವಿಯಬೇಕು, ಯಾರು ಅಂತ ಹೇಳಬೇಕು. ಸರಿಯಾಗಿ ಹೇಳಿದರೆ ಮುಖ ತೋರಿಸಿ ಕೇಕು ತಿಂದು ಹೋಗುತ್ತಾರೆ. ಹೇಳಲಾಗದಿದ್ದರೆ ಮಾರನೇ ದಿನ ಅಂಗಡಿಯ ಮುಂದೆ ನಿಂತು ಆಡಿಕೊಂಡು ನಗುತ್ತಾರೆ.

ಸ್ಟೇಶಾ ಟೋಬಿನ್ ತನ್ನ ಮೈದುನ ಆಂಬ್ರೋಸನನ್ನು ಒಂದು ವರ್ಷವೂ ಗುರುತು ಹಿಡಿದವಳಲ್ಲ. ಒಂದು ಸಲ ಅವನು ಪಾದ್ರಿಯ ಅಡುಗೆಯವಳಾಗಿ ಬಂದು ಇಡೀ ಸಂಜೆ ಅವಳ ಜೊತೆ ಕೂತು ಆಂಬ್ರೋಸನನ್ನೇ ಬೈದು ಹೋಗಿದ್ದ. ಸ್ಟೇಶಾಳೂ ಕೈಜೋಡಿಸಿ ಬೈದಿದ್ದಳು. ಇನ್ನೊಂದು ಸಲ ಅವನು ಕುರಿಯಾಗಿ ಬಂದಿದ್ದ. ಅವಳು ಅದಕ್ಕೆ ಎಲೆಕೋಸು ಹಾಕಿ ಹಿತ್ತಲಿಗೆ ಅಟ್ಟಿದ್ದಳು.

ಸ್ಟೇಶಾ ಹುಟ್ಟಿದ್ದು ಅದೇ ಕೊಲ್ಲಿಯ ಆಚೆ ದಡದಲ್ಲಿ. ಮದುವೆಯಾಗಿ ಈಚೆ ದಡಕ್ಕೆ ಬಂದಳು. ಅಷ್ಟೇ ಅವಳ ಪ್ರಯಾಣ. ಗಂಡ ಫಿಂಟನ್ ಟೋಬಿನ್. ಮದುವೆಗೆ ಮಾವ ಅರ್ಧ ಮನೆ ಕೊಟ್ಟ. ಪಾಲುಪತ್ರದ ಅರ್ಧ ಅಲ್ಲ, ಗರಗಸ ಹಿಡಿದು ಕೊಯ್ದ ಅರ್ಧ. ಹಿರಿಯ ಮಗನಿಗೆ ಅಡುಗೆಮನೆಯ ಕಡೆ, ಕಿರಿಯ ಆಂಬ್ರೋಸನಿಗೆ ಜಗಲಿಯ ಕಡೆ. ಚಳಿಗಾಲದಲ್ಲಿ ಕೊಲ್ಲಿಯ ನೀರು ಹೆಪ್ಪುಗಟ್ಟಿದಾಗ ಊರಿನವರೆಲ್ಲ ಹಗ್ಗ ಹಿಡಿದು, ಹಾಡು ಹೇಳಿ, ಆ ಅರ್ಧ ಮನೆಯನ್ನು ಮಂಜಿನ ಮೇಲೆ ಎಳೆದು ಈಗಿರುವ ಜಾಗಕ್ಕೆ ತಂದು ನಿಲ್ಲಿಸಿದರು. ಒಲೆಯಲ್ಲಿ ಬೆಂಕಿ ಹಾಗೇ ಇತ್ತು, ಸ್ಟೇಶಾ ಒಳಗೆ ಬ್ರೆಡ್ಡು ಬೇಯಿಸುತ್ತಿದ್ದಳು. ಇಳಿದು ನೋಡಿದ ಮೇಲೇ ಗೊತ್ತಾದದ್ದು, ಮಹಡಿ ಇವರ ಪಾಲಿಗೆ ಬಂದಿತ್ತು, ಮೆಟ್ಟಿಲು ಆಂಬ್ರೋಸನ ಪಾಲಿಗೆ ಹೋಗಿತ್ತು. ಅವನ ಮನೆಯಲ್ಲಿ ಮೆಟ್ಟಿಲು ಹತ್ತಿದರೆ ಸೂರಿಗೆ ತಲೆ ಬಡಿಯುತ್ತಿತ್ತು. ಆದರೂ ಅವನು ಕೊಡಲಿಲ್ಲ. ‘ಅಪ್ಪ ಕೊಟ್ಟಿದ್ದು, ನನ್ನ ಪಾಲು’ ಅಂದ. ಫಿಂಟನ್ ಹೊಸ ಮೆಟ್ಟಿಲು ಮಾಡುವ ತನಕ ಸ್ಟೇಶಾ ಏಣಿ ಹತ್ತಿ ಮಲಗಲು ಹೋಗುತ್ತಿದ್ದಳು.

ಮನೆಯ ಕೆಳಗೆ, ದಡದಲ್ಲಿ ಮೀನಟ್ಟ. ಅರ್ಧ ಬಂಡೆಯ ಮೇಲೆ, ಅರ್ಧ ಸಮುದ್ರದಲ್ಲಿ ನೆಟ್ಟ ಕಂಬಗಳ ಮೇಲೆ ನಿಂತ ಮರದ ಕೊಟ್ಟಿಗೆ ಅದು. ದೋಣಿ ಅದರ ಬಾಯಿಗೇ ಬಂದು ನಿಲ್ಲುತ್ತಿತ್ತು. ಒಳಗಿನ ಮೇಜಿನ ಮೇಲೆ ಮೀನು ಸೀಳಿ, ಉಪ್ಪು ತುಂಬಿ, ಪದರಪದರವಾಗಿ ಒಟ್ಟುತ್ತಿದ್ದರು. ಮೀನು ಅಂದರೆ ಅಲ್ಲಿ ಕಾಡ್ ಮೀನು ಮಾತ್ರ. ಉಳಿದವಕ್ಕೆ ಅವುಗಳ ಹೆಸರಿದೆ, ಮೀನು ಅನ್ನುವ ಮರ್ಯಾದೆ ಇಲ್ಲ. ಫಿಂಟನ್ ಸೀಳುತ್ತಿದ್ದ, ಸ್ಟೇಶಾ ತಲೆ ತೆಗೆಯುತ್ತಿದ್ದಳು. ಅವಳು ಸೊಂಟ ಆನಿಸಿ ನಿಲ್ಲುತ್ತಿದ್ದ ಕಡೆ ಮೇಜಿನ ಅಂಚು ಸವೆದು ತಟ್ಟೆಯ ಹಾಗೆ ಗುಂಡಗಾಗಿತ್ತು.

ಆಮೇಲೆ ಸಮುದ್ರದಲ್ಲಿ ಮೀನು ಮುಗಿಯಿತು, ಹಿಡಿಯುವುದನ್ನು ಸರ್ಕಾರ ನಿಲ್ಲಿಸಿತು. ಅದಾಗಿ ಎರಡು ಚಳಿಗಾಲಕ್ಕೆ ಫಿಂಟನ್ ತೀರಿಕೊಂಡ. ಅಟ್ಟಕ್ಕೆ ಕೆಲಸ ಉಳಿಯಲಿಲ್ಲ. ಸ್ಟೇಶಾ ಮಾತ್ರ ದಿನಾ ಮಧ್ಯಾಹ್ನ ಟೀ ಲೋಟ ಹಿಡಿದು ಕೆಳಗಿಳಿದು, ಉಪ್ಪಿನ ಪೀಪಾಯಿ ಬೋರಲು ಹಾಕಿಕೊಂಡು ಕೂರುತ್ತಿದ್ದಳು. ತನ್ನ ಮಂಡಿಯ ವಿಷಯ, ಕೋಳಿಗಳ ವಿಷಯ, ಆಂಬ್ರೋಸನ ವಿಷಯ ಎಲ್ಲ ಫಿಂಟನ್‌ಗೆ ಅಲ್ಲೇ ಹೇಳುತ್ತಿದ್ದಳು. ಮನೆಯಲ್ಲಿ ಹೇಳಿದರೆ ಅವನು ಕೇಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಬದುಕಿದ್ದಾಗಲೂ ಮನೆಯಲ್ಲಿ ಅವನು ಕೇಳಿದವನಲ್ಲ.

ಆದರೆ ಆ ಅಟ್ಟ ವಾಲಿತ್ತು. ಒಳಗೆ ಟೀ ಲೋಟ ಇಟ್ಟರೆ ಒಂದು ಕಡೆ ಚೆಲ್ಲುತ್ತಿತ್ತು, ಇನ್ನೊಂದು ಕಡೆ ಬೆರಳಷ್ಟು ಖಾಲಿ ಇರುತ್ತಿತ್ತು. ಬೆಕ್ಕು ಒಳಗೆ ಹೋಗುವಾಗ ಓಡುತ್ತಿತ್ತು, ಬರುವಾಗ ಏದುತ್ತಿತ್ತು. ವಾಲಿದ್ದು ಹಳೆಯದು, ಅದರ ಚಿಂತೆ ಇಲ್ಲ. ಈಗ ಸಮುದ್ರದ ಕಡೆಯ ಕಂಬಗಳು ಬುಡದಲ್ಲಿ ಕೊಳೆತಿದ್ದವು. ಬರುವ ಏಪ್ರಿಲ್‌ನಲ್ಲಿ ಉತ್ತರದಿಂದ ಮಂಜಿನ ಗಡ್ಡೆಗಳು ತೇಲಿ ಬಂದು ಗುದ್ದಿದರೆ ಅಟ್ಟ ಉಳಿಯುವುದಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು.

ಪಟ್ಟಣದಲ್ಲಿ ಪರಂಪರೆ ಉಳಿಸುವ ಸಮಿತಿ ಅಂತ ಒಂದಿದೆ, ಇಲ್ಲಿಯವರ ಹಿರಿಯರು ಐರ್ಲೆಂಡಿನಿಂದ ಬಂದು ಕಟ್ಟಿದ ಹಳೇ ಕಟ್ಟಡಗಳನ್ನು ನೋಡಿ, ಒಪ್ಪಿಗೆಯಾದರೆ ಗುರುತಿನ ಹಲಗೆ ಹೊಡೆದು, ತಾವೇ ಕಂಬ ಹಾಕಿಸಿಕೊಡುತ್ತಾರೆ ಅಂತ ಸುದ್ದಿ ಬಂತು. ಸ್ಟೇಶಾ ಅರ್ಜಿ ಹಾಕಿಸಿದಳು. ಮಾರ್ಚ್ ತಿಂಗಳಲ್ಲಿ ಅಧಿಕಾರಿ ಬಂದು ನೋಡುತ್ತಾರೆ ಅಂತ ಉತ್ತರ ಬಂತು.

ಆಂಬ್ರೋಸ ತಲೆ ಆಡಿಸಿದ. “ಹೀಗೇ ತೋರಿಸಿದ್ರೆ ಆಗಲ್ಲ ಅತ್ತಿಗೆ. ನೂರು ವರ್ಷದ ಮೇಲೆ ಆಗಿರ್ಬೇಕಂತೆ. ಒಂದು ಹಲಗೇನೂ ಬದಲಾಯಿಸಿರಬಾರದಂತೆ.”

“ಯಾರೋ ಹೇಳಿದ್ದು?”

“ಅಂಗಡೀಲಿ ಹೇಳ್ತಿದ್ರು.”

“ಅಂಗಡೀಲಿ ಹೇಳ್ತಿದ್ದೋರು ಯಾರು?”

ಆಂಬ್ರೋಸ ಸ್ವಲ್ಪ ಯೋಚಿಸಿ, “ನಾನೇ ಹೇಳ್ತಿದ್ದೆ. ಯಾರೂ ಇಲ್ಲ ಅನ್ನಲಿಲ್ಲ” ಅಂದ.

ಅಟ್ಟಕ್ಕೆ ಎಷ್ಟು ವರ್ಷ ಆಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹಲಗೆ ಬದಲಾಯಿಸದ ವರ್ಷವೇ ಇರಲಿಲ್ಲ. ಆಂಬ್ರೋಸ ಆ ಶರತ್ಕಾಲವೆಲ್ಲ ಹೊಸ ಹಲಗೆಗಳನ್ನು ಹಳೆಯದು ಮಾಡುವುದರಲ್ಲೇ ಕಳೆದ. ಮೀನೆಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿದ. ಅದರ ಮೇಲೆ ಒಲೆಯ ಮಸಿ ಒರೆಸಿದ. ಸಮುದ್ರದ ಪಾಚಿ ತಿಕ್ಕಿದ. ಸ್ಟೇಶಾಳ ಕೋಳಿಗಳನ್ನು ತಂದು ಸಾಲಾಗಿ ತೊಲೆಯ ಮೇಲೆ ಕೂರಿಸಿದ. ಅವು ತಮ್ಮ ಕೈಲಾದದ್ದು ಮಾಡಿದವು. ಕೊನೆಗೆ ಚಾಕು ತೆಗೆದು ನಡುವಿನ ತೊಲೆಯ ಮೇಲೆ ದೊಡ್ಡದಾಗಿ ೧೭೯೮ ಅಂತ ಕೆತ್ತಿ, ಗಾಯದ ಮೇಲೆ ಕಪ್ಪು ಟೀ ಬಳಿದ.

“ಅದೇ ವರ್ಷ ಯಾಕೋ?” ಅಂತ ಸ್ಟೇಶಾ ಕೇಳಿದಳು.

“ನಂಗೆ ಗೊತ್ತಿರೋ ಹಳೇ ವರ್ಷ ಅದೊಂದೇ, ಅತ್ತಿಗೆ. ಹಾಡಲ್ಲಿ ಬರುತ್ತೆ.”

ಸ್ಟೇಶಾಗೆ ಇದು ಹಿಡಿಸಲಿಲ್ಲ. ಆದರೆ ಅಟ್ಟ ಬೇಕಿತ್ತು. “ನೀನು ಬಾಯಿ ಬಿಡಬೇಡ” ಅಂತ ಆಂಬ್ರೋಸ ಮೂರು ಹೊತ್ತೂ ಹೇಳುತ್ತಿದ್ದ. “ಪಾದ್ರಿ ಮುಂದೆ ಬೇಕಾದ್ರೆ ಬಿಡು. ಆ ಅಧಿಕಾರಿ ಮುಂದೆ ಮಾತ್ರ ಬೇಡ. ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಹೇಳಿದ್ರೆ ಕಿವಿ ಕೆಂಪಗಾಗುತ್ತೆ.”

ಹಬ್ಬದ ಕೊನೆಯ ಸಂಜೆ ಬಂತು. ಹಿಮ ಬೀಸಿ ಬೀಸಿ ತಂತಿ ಎಲ್ಲೋ ಹರಿದು ಕೊಲ್ಲಿಯಲ್ಲಿ ಕರೆಂಟು ಹೋಗಿತ್ತು. ಸ್ಟೇಶಾ ಎಣ್ಣೆದೀಪ ಹಚ್ಚಿಟ್ಟು, ಹಣ್ಣಿನ ಕೇಕು ಕೊಯ್ದಿಟ್ಟು, ಕೆಂಪು ಶರಬತ್ತು ಕಲಸಿಟ್ಟು ಕಾದಿದ್ದಳು. ಹನ್ನೊಂದು ದಿನವೂ ಆಂಬ್ರೋಸ ಬಂದಿರಲಿಲ್ಲ. ಇವತ್ತು ಬರಲೇಬೇಕು. ಇವತ್ತು ಬಿಡುವುದಿಲ್ಲ ಅಂತ ಅವಳು ಸೆರಗು ಕಟ್ಟಿದ ಹಾಗೆ ಅಡುಗೆಬಟ್ಟೆ ಬಿಗಿದು ಕೂತಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು.

“ಬನ್ನಿ ಬನ್ನಿ! ವೇಷದವರೆಲ್ಲ ಬನ್ನಿ!”

ಬಾಗಿಲು ತೆರೆದು ಒಬ್ಬ ಒಳಗೆ ಬಂದ. ಮೈಮೇಲೆ ಹೆಂಗಸರ ತುಪ್ಪಳದ ಕೋಟು. ಸ್ಟೇಶಾಗೆ ಆ ಕೋಟು ಚೆನ್ನಾಗಿ ಗೊತ್ತು. ಚರ್ಚಿನ ತಿರುವಿನ ಮನೆಯ ಮೊನಿಕಾಳ ತೀರಿಹೋದ ಅಮ್ಮನದು. ತಲೆಗೆ ಅದೇ ಮುದುಕಿಯ ಹೂವಿನ ಟೋಪಿ. ಮೂಗಿನ ತನಕ ಉಣ್ಣೆಯ ಶಾಲು ಸುತ್ತಿದೆ. ಕಣ್ಣಿನ ಮೇಲೆಲ್ಲ ಹಿಮ. ಎಡಗಾಲು ಕುಂಟುತ್ತಿದೆ. ಆಂಬ್ರೋಸನೂ ಎಡಗಾಲೇ ಕುಂಟುವುದು, ಎಣ್ಣೆಪೀಪಾಯಿ ಬಿದ್ದಾಗಿನಿಂದ.

‘ಸಿಕ್ಕಿಬಿದ್ದ’ ಅಂದುಕೊಂಡಳು ಸ್ಟೇಶಾ. ಆದರೆ ಕೂಡಲೇ ಹೇಳಿಬಿಟ್ಟರೆ ಆಟವೆಲ್ಲಿ? ಎಷ್ಟು ವರ್ಷದ ಬಡ್ಡಿ ತೀರಿಸಬೇಕು.

ಬಂದವನು ಉಸಿರನ್ನು ಒಳಕ್ಕೆ ಎಳೆಯುತ್ತಾ, ಸೀಟಿ ಊದಿದ ಹಾಗೆ ಹೇಳಿದ. “ಅಮ್ಮಾ... ನಾನು... ಪರಂಪರೆ ಸಮಿತಿಯಿಂದ... ಬಂದಿದ್ದೀನಿ.”

ಸ್ಟೇಶಾ ತೊಡೆ ತಟ್ಟಿಕೊಂಡು ನಕ್ಕಳು. “ಅಯ್ಯೋ ಅಯ್ಯೋ! ಇದು ಹೊಸದು! ಬನ್ನಿ ಸಾಹೇಬ್ರೇ, ಬನ್ನಿ! ಮಾರ್ಚಲ್ಲಿ ಬರ್ತೀನಿ ಅಂದಿದ್ರಿ, ಜನವರೀಲೇ ಮಾರ್ಚ್ ಬಂತಾ ನಿಮ್ಮೂರಲ್ಲಿ?”

“ಪಕ್ಕದ ಊರಿನ... ಚರ್ಚಿನ ಸೂರು ನೋಡೋಕೆ... ಬಂದಿದ್ದೆ. ಹಾಗೇ ಇದನ್ನೂ... ಕಾರು ಹಿಮದಲ್ಲಿ ಹೂತೋಯ್ತು. ನಾನು ಚರಂಡಿಗೆ ಬಿದ್ದೆ.”

“ಚರಂಡಿಗೂ ಬಿದ್ರಾ! ಪಾಪ ಪಾಪ. ಸಾಹೇಬ್ರು ಅಂದ್ಮೇಲೆ ಬೀಳ್ಲೇಬೇಕು. ಸರಿ, ಈಗ ಕುಣೀರಿ.”

“ಏನು?”

“ಕುಣೀರಿ! ಕುಣೀದೆ ಕೇಕು ಕೊಡೋ ಮನೆ ಯಾವೂರಲ್ಲಿದೆ?”

ಸ್ಟೇಶಾ ಮೊಣಕೈಯಿಂದ ತಿವಿದು ಅವನನ್ನು ನಡುವಿಗೆ ನಿಲ್ಲಿಸಿ, ಬಾಯಲ್ಲೇ ರಾಗ ಹಾಕಿ, ಚಪ್ಪಾಳೆ ತಟ್ಟತೊಡಗಿದಳು. ಮನೆಯಲ್ಲಿ ಪಿಟೀಲು ಇಲ್ಲದಾಗ ಅಲ್ಲಿ ಹಾಗೇ ಮಾಡುವುದು. ಬಂದವನು ಊರಿನ ಮರ್ಯಾದೆ ಏನೋ ಎಂತೋ ಅಂದುಕೊಂಡಿರಬೇಕು. ಒಂದು ಕಾಲೆತ್ತಿದ. ಆಮೇಲೆ ಇನ್ನೊಂದು. ತುಪ್ಪಳದ ಕೋಟಿನಿಂದ ಹಿಮ ಉದುರಿ ಒಲೆಯ ಮೇಲೆ ಚುರ್ ಅಂತು. ಹೂವಿನ ಟೋಪಿ ಒಂದು ಕಿವಿಗೆ ಜಾರಿತು.

“ಹಿಂಗಾ ಕುಣಿಯೋದು? ಬಿಸಿ ಹೆಂಚಿನ ಮೇಲೆ ಬಾತುಕೋಳಿ ಬಿಟ್ಟಂಗಿದೆ!” ಅಂತ ಅವಳು ನಕ್ಕು, ಶರಬತ್ತಿನ ಲೋಟಕ್ಕೆ ಧಾರಾಳವಾಗಿ ರಮ್ಮು ಸುರಿದು ಅವನ ಕೈಗಿತ್ತಳು. ಅವನು ಶಾಲು ಬೆರಳಷ್ಟು ತಗ್ಗಿಸಿ ಕುಡಿದ. ಕುಡಿದ ಮೇಲೆ ಬೆಂಚಿನ ಮೇಲೆ ಕೂತ.

“ನಿಮ್ಮ ಮೀನಟ್ಟದ ವಿಷಯ... ಸ್ವಲ್ಪ ಹೇಳ್ತೀರಾ?” ಅಂದ.

“ಹೇಳದೆ ಏನು ಸಾಹೇಬ್ರೇ!” ಸ್ಟೇಶಾ ಎದುರಿಗೆ ಕುರ್ಚಿ ಎಳೆದುಕೊಂಡು, ಕೈ ಮಡಿಲಲ್ಲಿಟ್ಟುಕೊಂಡು ಕೂತಳು. “ಸಂತ ಪ್ಯಾಟ್ರಿಕ್ಕನೇ ಬಂದು ಉಪ್ಪು ಹಾಕಿದ ಅಟ್ಟ ಅದು. ೧೭೯೮ ಅಂತ ತೊಲೆ ಮೇಲೇ ಬರ್ದಿದೆ. ಯಾರು ಬರ್ದಿದ್ದು ಅಂತ ಕೇಳ್ಬೇಡಿ. ಹೋದ ಅಕ್ಟೋಬರಲ್ಲಿ, ಕೋಳಿ ಕೂರಿಸಿದ ಮಾರನೇ ದಿನ, ನಮ್ಮ ಮೈದುನ ಅನ್ನೋ ಒಬ್ಬ ಮಹಾನುಭಾವ ಕಿಸೆ ಚಾಕು ತಗೊಂಡು ನಾಲಿಗೆ ಹೊರಗೆ ಹಾಕ್ಕೊಂಡು ಕೆತ್ತಿದ. ಮೇಲೆ ಟೀ ಹುಯ್ದ. ನನ್ನ ಒಳ್ಳೇ ಟೀ!”

“ಕೋಳಿ ಕೂರಿಸಿದ್ದು... ಯಾಕೆ?”

“ಯಾಕಂತೆ! ಹಲಗೆ ಹಳೇದು ಕಾಣ್ಲಿ ಅಂತ. ನೀನೇ... ಅಲ್ಲ, ಸಾಹೇಬ್ರೇ, ನಿಮಗೆ ಗೊತ್ತಿಲ್ಲದ್ದು ಏನಿದೆ? ಪಾಚಿ ತಿಕ್ಕಿದ್ದು, ಮಸಿ ಒರೆಸಿದ್ದು ಎಲ್ಲ ಕಣ್ಣಾರೆ ಕಂಡೋರ ಹಾಗೆ ಹೇಳ್ಬಲ್ಲಿರಿ.” ಅವಳಿಗೆ ತಡೆಯಲಾರದ ನಗು. “ಆ ಮೈದುನನ ಬುದ್ಧಿ ನೋಡಿ. ನಮ್ಮನೆ ಮೆಟ್ಟಿಲು ಇವತ್ತಿಗೂ ಅವನ ಮನೇಲಿದೆ. ಹತ್ತಿ ಹೋದ್ರೆ ಎಲ್ಲಿಗೂ ಹೋಗಲ್ಲ. ಅದರ ಮೇಲೆ ಸಾಕ್ಸು ಒಣಗಿಸ್ತಾನೆ.”

ಬಂದವನು ಕಣ್ಣು ದೊಡ್ಡದು ಮಾಡಿಕೊಂಡು ಕೇಳುತ್ತಿದ್ದ.

“ಸರಿ, ಆಟ ಸಾಕು” ಅಂತ ಸ್ಟೇಶಾ ಎದ್ದಳು. “ಮೂಗು ಚೆನ್ನಾಗಿ ಮಾಡ್ಕೊಂಡಿದ್ದೀಯ, ಅದನ್ನ ಒಪ್ಪಿದೆ. ಮೇಣದ್ದಾ?” ಶಾಲಿನ ಮೇಲೆ ಎದ್ದು ಕಾಣುತ್ತಿದ್ದ ಉದ್ದ ಮೂಗನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ಮೂಗು ಬರಲಿಲ್ಲ. ಇನ್ನೂ ಗಟ್ಟಿಯಾಗಿ ಎಳೆದಳು. ಮೂಗಿನ ಜೊತೆ ಮನುಷ್ಯನೂ ಬೆಂಚಿನಿಂದ ಎದ್ದು ಬಂದ.

ಅಷ್ಟರಲ್ಲಿ ಇನ್ನೊಂದು ಸಲ ಬಾಗಿಲು ತಟ್ಟಿದ ಸದ್ದಾಯಿತು.

ಈ ಸಲ ಒಳಗೆ ಬಂದವನು ಕಪ್ಪು ಸೂಟು ಹಾಕಿದ್ದ, ಕುತ್ತಿಗೆಗೆ ಟೈ ಕಟ್ಟಿದ್ದ, ಕಣ್ಣಿಗೆ ದಪ್ಪ ಕನ್ನಡಕ, ಎದೆಯ ತನಕ ಕಂದು ಗಡ್ಡ, ಕಂಕುಳಲ್ಲಿ ಚರ್ಮದ ಚೀಲ. ಉಸಿರು ಎಳೆಯಲಿಲ್ಲ, ಕುಂಟಲಿಲ್ಲ. ದಪ್ಪ ದನಿಯಲ್ಲಿ, “ನಮಸ್ಕಾರ. ಪರಂಪರೆ ಸಮಿತಿ. ಟೋಬಿನ್ ಅವರ ಮನೆ ಇದೇನಾ?” ಅಂದ.

ಸ್ಟೇಶಾಳ ಕೈಯಿಂದ ಮೂಗು ಜಾರಿತು.

ಅವಳು ಲೆಕ್ಕ ಹಾಕಿದಳು. ಹೆಂಗಸರ ಕೋಟಿನಲ್ಲಿ ಇರುವವನು ಆಂಬ್ರೋಸ. ಹಾಗಾದರೆ ಈ ಟೈ ಕಟ್ಟಿದವನು ನಿಜವಾದ ಅಧಿಕಾರಿ! ಅಡುಗೆಬಟ್ಟೆಯಲ್ಲಿ ಕೈ ಒರೆಸಿಕೊಂಡು, ಒಳ್ಳೇ ಕುರ್ಚಿಯ ಮೇಲಿಂದ ಬೆಕ್ಕನ್ನು ತಳ್ಳಿ, “ಕೂತ್ಕೊಳ್ಳಿ ಸಾಹೇಬ್ರೇ, ಒಲೆ ಹತ್ರಕ್ಕೆ ಬನ್ನಿ, ಹತ್ರಕ್ಕೆ ಬನ್ನಿ” ಅಂತ ಶರಬತ್ತಿನ ಲೋಟ ಅವನ ಕೈಗಿತ್ತಳು. ಹಾಗೇ ತಿರುಗಿ ತುಪ್ಪಳದ ಕೋಟಿನವನ ಕಿವಿಯಲ್ಲಿ, “ನೀನು ಒಂದಕ್ಷರ ಮಾತಾಡಿದ್ರೆ ಕೊಂದ್ಹಾಕ್ತೀನಿ” ಅಂತ ಹಲ್ಲು ಕಚ್ಚಿ ಹೇಳಿದಳು. ಅವನು ಆಗಲಿ ಅಂತ ತಲೆ ಆಡಿಸಿದ. ಮೂಗು ಕೆಂಪಗೆ ಹೊಳೆಯುತ್ತಿತ್ತು.

“ಅಟ್ಟ ಯಾವ ಕಾಲದ್ದು, ಅಮ್ಮ?” ಅಂದ ಗಡ್ಡದವನು.

“೧೭೯೮” ಅಂದಳು ಸ್ಟೇಶಾ. ಎರಡೂ ಕಿವಿ ಕೆಂಪಗಾದವು.

“ಒಂದಾದರೂ ಹಲಗೆ ಬದಲಾಯಿಸಿದ್ದೀರಾ?”

“ಒಂದೂ ಇಲ್ಲ.”

“ಕೋಳಿಗಳು?”

“ಯಾವ... ಯಾವ ಕೋಳಿಗಳು?”

“ಊರಿನ ಎಲ್ಲರಿಗಿಂತ ಬುದ್ಧಿವಂತರು ನಿಮ್ಮ ಮೈದುನರು ಅಂತ ಕೇಳಿದ್ದೇನೆ. ನಿಜವೇ?”

ಸ್ಟೇಶಾ ಅಟ್ಟದ ಸಲುವಾಗಿ ಅದನ್ನೂ ನುಂಗಿದಳು. “ನಿಜ” ಅಂದಳು. ಬೆಂಚಿನ ಮೇಲಿದ್ದವನು ಶಾಲಿನೊಳಗೆ ಕೆಮ್ಮಿದ.

“ರೂಪವಂತರೂ ಹೌದಂತೆ?”

ಅದನ್ನು ನುಂಗುವ ಮೊದಲೇ ಅವಳ ಕಣ್ಣು ಗಡ್ಡದ ಮೇಲೆ ಬಿತ್ತು. ಗಡ್ಡ ಕೆಳಗಿಳಿಯುತ್ತಿತ್ತು. ಹಳೇ ಹಗ್ಗವನ್ನು ಬಿಡಿಸಿ ಬಾಚಿ, ಬೆಲ್ಲದ ಪಾಕದಲ್ಲಿ ಅಂಟಿಸಿದ ಗಡ್ಡ ಅದು. ಒಲೆಯ ಬಿಸಿಗೆ ಪಾಕ ಕರಗಿ, ಮೊದಲು ಬಲಗೆನ್ನೆ ಬಿಟ್ಟಿತು, ಆಮೇಲೆ ಎಡಗೆನ್ನೆ, ಆಮೇಲೆ ಇಡೀ ಗಡ್ಡ ಮೆತ್ತಗೆ ಜಾರಿ ಶರಬತ್ತಿನ ಲೋಟಕ್ಕೆ ಬಿತ್ತು. ಮೇಲೆ ಉಳಿದದ್ದು ಆಂಬ್ರೋಸನ ಗಲ್ಲ.

“ನೀನು ಸೋತೆ ಅತ್ತಿಗೆ!” ಅಂತ ಆಂಬ್ರೋಸ ಕೂಗಿದ. “ಸಾಹೇಬ್ರೇ ಸಾಹೇಬ್ರೇ ಅಂತ ಕುರ್ಚಿ ಕೊಟ್ಟೆ! ರೂಪವಂತ ಅಂತ ಒಪ್ಪಿಕೊಂಡೆ!”

“ಅದನ್ನ ಒಪ್ಪಿರಲಿಲ್ಲ” ಅಂದಳು ಸ್ಟೇಶಾ ಮೆಲ್ಲಗೆ. ಅವಳು ಆಂಬ್ರೋಸನನ್ನು ನೋಡುತ್ತಿರಲಿಲ್ಲ. ಬೆಂಚಿನ ಕಡೆ ತಿರುಗಿದ್ದಳು.

ಆಂಬ್ರೋಸನೂ ಆ ಕಡೆ ನೋಡಿದ. “ಇವನ್ಯಾರು?”

ಆಗ ಬಾಗಿಲು ತಟ್ಟದೆ, ತಳ್ಳಿಕೊಂಡು ಮೊನಿಕಾ ಬಂದಳು. ಕೈಯಲ್ಲಿ ಮಡಿಸಿದ ಒಂದು ನೀಲಿ ಕೋಟು. “ಸಾಹೇಬ್ರೇ, ನಿಮ್ಮ ಕೋಟು ಅರ್ಧ ಒಣಗಿದೆ. ಪ್ಯಾಂಟು ಇನ್ನೂ ಹಸೀನೇ. ಹುಡುಗಿ, ಸಾಹೇಬ್ರಿಗೆ ಬಿಸಿ ಏನಾದ್ರೂ ಕೊಟ್ಯಾ?” ಅಂದಳು. ಅಲ್ಲಿ ಎಪ್ಪತ್ತಾದವಳೂ ಇನ್ನೊಬ್ಬಳಿಗೆ ಹುಡುಗಿಯೇ.

ಬೆಂಚಿನ ಮೇಲಿದ್ದವನು ಹೂವಿನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ, ಶಾಲು ಬಿಚ್ಚಿದ. ಸ್ಟೇಶಾ ಎಂದೂ ಕಂಡಿರದ ಮುಖ.

“ಎಡ್ವಿನ್ ಪಾರ್ಡಿ” ಅಂದ. “ಪರಂಪರೆ ಸಮಿತಿ. ನನಗೆ ಗೂರಲು. ಚಳೀಲಿ ಉಸಿರು ಹಿಂಗೇ ಎಳೆಯುತ್ತೆ. ಸಮಿತಿಯವನು ಅಂತ ಮೊದಲೇ ಹೇಳಿದೆ ಅಲ್ವಾ ಅಮ್ಮ?”

ಆಂಬ್ರೋಸ ಸದ್ದಿಲ್ಲದೆ ಲೋಟದಿಂದ ಗಡ್ಡ ತೆಗೆದು, ಹಿಂಡಿ, ಜೇಬಿಗೆ ಹಾಕಿಕೊಂಡು ಹೊರಟುಹೋದ.

ಪಾರ್ಡಿ ಆ ಸಂಜೆ ಅಟ್ಟದ ಮಾತೇ ಎತ್ತಲಿಲ್ಲ. ನೆನೆಸಿದ ಗಟ್ಟಿ ಬಿಸ್ಕತ್ತು, ಉಪ್ಪು ಮೀನು ಎರಡು ಸಲ ಹಾಕಿಸಿಕೊಂಡು ತಿಂದ, ಮಹಡಿಗೆ ಹೋಗಿ ಮಲಗಿದ. ಇದು ಸ್ಟೇಶಾಗೆ ಬೈಗುಳಕ್ಕಿಂತ ಕೆಟ್ಟದ್ದಾಗಿ ಕಂಡಿತು.

ಬೆಳಗಾದ ಕೂಡಲೇ ಅವಳು ಟೀ ಲೋಟ ಹಿಡಿದು ಅಟ್ಟಕ್ಕೆ ಇಳಿದಳು. ಪೀಪಾಯಿಯ ಮೇಲೆ ಕೂತು, “ಫಿಂಟನ್, ಹೋಯ್ತು ಕಣೋ” ಅಂದಳು. “ಸುಳ್ಳು ಹೇಳಿದ್ದು ನಿನ್ನ ತಮ್ಮ, ನಿಜ ಹೇಳಿದ್ದು ನಾನು. ಎರಡೂ ಸೇರಿ ಅಟ್ಟ ಮುಳುಗಿಸಿದ್ವಿ. ಅವರ ಮೂಗು ಬೇರೆ ಎಳೆದೆ. ಏಪ್ರಿಲ್ ಆದ್ಮೇಲೆ ನಾನು ಎಲ್ಲಿ ಬಂದು ಮಾತಾಡ್ಲಿ? ಬಂಡೆ ಮೇಲೆ ಕೂತ್ಕೊಂಡು ಮಾತಾಡಿದ್ರೆ ಊರವರು ಹುಚ್ಚಿ ಅಂತಾರೆ.”

ಹಿಂದೆ ಸದ್ದಾಯಿತು. ಪಾರ್ಡಿ ಬಾಗಿಲಲ್ಲಿ ನಿಂತಿದ್ದ, ತುಪ್ಪಳದ ಕೋಟಿನಲ್ಲೇ. ಬೆಚ್ಚಗಿದೆ ಅಂತ ಅದನ್ನೇ ಹಾಕಿಕೊಂಡಿದ್ದ. ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಒಳಗೆ ಕಾಲಿಟ್ಟವನು ಇಳಿಜಾರಿಗೆ ಬೆಕ್ಕಿನ ಹಾಗೇ ನಾಲ್ಕು ಹೆಜ್ಜೆ ಓಡಿ, ಮೇಜು ಹಿಡಿದು ನಿಂತ.

“ಈ ಹಲಗೆ ಯಾವಾಗಿನದು?” ಅಂತ ಕೇಳಿದ.

ಇನ್ನು ಮುಚ್ಚಿಡುವುದು ಏನಿತ್ತು? “ಅದು ನಮ್ಮ ಅರ್ಧ ಮನೇದು. ಕೊಯ್ದಾಗ ಮಿಕ್ಕಿದ್ದು” ಅಂದಳು ಸ್ಟೇಶಾ. “ಅದು ಮೊನಿಕಾ ಗಂಡನ ಒಡೆದುಹೋದ ದೋಣೀದು. ಈ ಬಾಗಿಲು ಹಳೇ ಶಾಲೇದು. ಆ ಕಡೆ ಗೋಡೆ ಫಿಂಟನ್ ಹಾಕಿದ್ದು, ನಂಗೆ ಗಾಳಿ ಹೊಡೆಯುತ್ತೆ ಅಂತ. ಕಂಬ ಎಷ್ಟು ಸಲ ಬದಲಾಯಿಸಿದ್ರೋ ದೇವರಿಗೇ ಗೊತ್ತು.”

“ಹಾಗಾದ್ರೆ ಮೊದಲು ಕಟ್ಟಿದಾಗ ಇದ್ದಿದ್ದು ಇಲ್ಲಿ ಏನು ಉಳಿದಿದೆ?”

ಸ್ಟೇಶಾ ತಾಳ್ಮೆಯಿಂದ ನಾಲ್ಕೂ ಕಡೆ ನೋಡಿದಳು. ಹಲಗೆ ನೋಡಿದಳು, ತೊಲೆ ನೋಡಿದಳು, ಮೊಳೆ ನೋಡಿದಳು. ಸುಳ್ಳು ಹೇಳಬಾರದು ಅಂತ ಚೆನ್ನಾಗಿ ಯೋಚಿಸಿ ಹೇಳಿದಳು.

“ವಾಲಿರೋದು, ಸಾಹೇಬ್ರೇ. ವಾಲಿರೋದು ಮಾತ್ರ ಮೊದಲಿನದೇ. ಮಾವನ ತಾತನಿಗೆ ಒಂದು ಕಣ್ಣು ಸರಿ ಇರಲಿಲ್ಲವಂತೆ. ಅವತ್ತಿಂದ ಯಾರು ಏನು ಬದಲಾಯಿಸಿದ್ರೂ ಅದನ್ನ ಮಾತ್ರ ಮುಟ್ಟಿಲ್ಲ.”

ಪಾರ್ಡಿಗೆ ನಗು ಶುರುವಾಯಿತು. ಗೂರಲಿನವನ ನಗು, ಒಳಕ್ಕೇ ಎಳೆಯಿತು, ಹೊರಗೆ ಬರಲೇ ಇಲ್ಲ. ಸ್ಟೇಶಾ ಎದ್ದು ಬೆನ್ನು ಗುದ್ದಬೇಕಾಯಿತು.

“ನೂರು ವರ್ಷ ಆಗಿರಬೇಕು ಅಂತ ಯಾರಮ್ಮ ಹೇಳಿದ್ದು?” ಅಂದ ಉಸಿರು ಬಂದ ಮೇಲೆ. “ಅಂಥ ನಿಯಮವೇ ಇಲ್ಲ. ಸಿಕ್ಕಿದ ಹಲಗೇಲಿ ಕಟ್ಟೋದು, ಮುರಿದಾಗ ಸಿಕ್ಕಿದ್ದರಲ್ಲಿ ಸರಿ ಮಾಡ್ಕೊಳ್ಳೋದು, ನಿಮ್ಮೋರು ಬಂದಾಗಿನಿಂದ ಮಾಡಿರೋದು ಇದನ್ನೇ. ನಾವು ಉಳಿಸೋಕೆ ಹೊರಟಿರೋದೂ ಇದನ್ನೇ.”

“ಹಾಗಾದ್ರೆ ಅಟ್ಟ...?”

“ಒಂದು ತೊಂದರೆ ಇದೆ.” ಪಾರ್ಡಿ ತಲೆ ಎತ್ತಿ ನಡುವಿನ ತೊಲೆ ತೋರಿಸಿದ. “ಆ ವರ್ಷ. ಸುಳ್ಳು ವರ್ಷ ಕೆತ್ತಿರೋ ಕಟ್ಟಡಕ್ಕೆ ನಾನು ಒಪ್ಪಿಗೆ ಬರೆಯೋ ಹಾಗಿಲ್ಲ. ಕೆತ್ತಿದವರೇ ತೆಗೀಬೇಕು.”

ಕಾಲು ಗಂಟೆಯಲ್ಲಿ ಸ್ಟೇಶಾ ಆಂಬ್ರೋಸನನ್ನು ಹಾಸಿಗೆಯಿಂದ ಎಬ್ಬಿಸಿ ಕರೆತಂದಳು. ಗಲ್ಲದ ಮೇಲೆ ಇನ್ನೂ ಬೆಲ್ಲ ಅಂಟಿತ್ತು. ಆ ತಗ್ಗು ತೊಲೆಯ ಕೆಳಗೇ ಇದ್ದ ಮೀನು ಸೀಳುವ ಮೇಜಿನ ಮೇಲೆ ಅವನನ್ನು ಅಂಗಾತ ಮಲಗಿಸಿ ಕೈಗೆ ಕೀಸುಳಿ ಕೊಟ್ಟರು. ಮೇಜು ಇಳಿಜಾರು, ಅವನು ಕೀಸಿದ ಹಾಗೆಲ್ಲ ಕೆಳಗೆ ಜಾರುತ್ತಿದ್ದ. ಪಾರ್ಡಿ ಕಾಲು ಹಿಡಿದುಕೊಂಡು ನಿಂತ. ಮರದ ಹೊಟ್ಟು, ಮಸಿ, ಒಣಗಿದ ಕೋಳಿ ಹಿಕ್ಕೆ ಎಲ್ಲ ಆಂಬ್ರೋಸನ ಬಾಯಿಗೇ ಬೀಳುತ್ತಿತ್ತು.

“ಬಾಯಿ ಮುಚ್ಚೋ” ಅಂದಳು ಸ್ಟೇಶಾ.

“ಮುಚ್ಚಿದ್ರೆ ಉಸಿರಾಡೋದು ಹೆಂಗೆ ಅತ್ತಿಗೆ?”

“ಮೂಗಿದೆಯಲ್ಲ. ಸ್ವಂತದ್ದೇ ತಾನೇ?”

ಏಪ್ರಿಲ್‌ಗೆ ಮೊದಲೇ ಬಡಗಿಗಳು ಬಂದು, ಮಂಜನ್ನು ಕೊರೆದು ಹೊಸ ಕಂಬ ಇಳಿಸಿದರು. ಅವರು ಒಳ್ಳೇ ಕೆಲಸಗಾರರು, ಮೊದಲ ದಿನವೇ ಅಟ್ಟವನ್ನು ನೆಟ್ಟಗೆ ಮಾಡಲು ಹೊರಟಿದ್ದರು. ಪಾರ್ಡಿ ಬರೆದುಕೊಟ್ಟಿದ್ದನ್ನು ಸ್ಟೇಶಾ ಅವರ ಮುಂದೆ ಹಿಡಿದಳು. ‘ವಾಲಿರುವುದು ಮೂಲದ್ದು. ಹಾಗೇ ಉಳಿಸತಕ್ಕದ್ದು.’ ಬಡಗಿಗಳು ಟೋಪಿ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ಒಬ್ಬ ಅವಳ ಟೀ ಲೋಟವನ್ನೇ ನೆಲದ ಮೇಲಿಟ್ಟುಕೊಂಡು, ಅದು ಮೊದಲಿನಷ್ಟೇ ಚೆಲ್ಲುವ ತನಕ ಕಂಬ ಏರಿಸಿ ಇಳಿಸಿ ಮಾಡಿದ. 

ಅಟ್ಟ ಉಳಿಯಿತು. ಮಂಜಿನ ಗಡ್ಡೆಗಳು ಬಂದವು, ಗುದ್ದಿದವು, ಹೋದವು. ಬಾಗಿಲ ಪಕ್ಕ ಗುರುತಿನ ಹಲಗೆ ಹೊಡೆದರು. ಅದು ಮಾತ್ರ ನೆಟ್ಟಗಿದೆ, ಆದರೆ ಗೋಡೆ ವಾಲಿರುವುದರಿಂದ ನೋಡಿದವರಿಗೆಲ್ಲ ಹಲಗೆಯೇ ಸೊಟ್ಟಗಿದೆ ಅನ್ನಿಸುತ್ತದೆ.

ಮುಂದಿನ ಕ್ರಿಸ್‌ಮಸ್ಸಿಗೆ ತಾನೂ ಬರುತ್ತೇನೆ, ಈ ಸಲ ಸರಿಯಾದ ವೇಷದಲ್ಲಿ ಅಂತ ಪಾರ್ಡಿ ಹೇಳಿ ಕಳಿಸಿದ್ದ. ಹಬ್ಬದ ಕೊನೆಯ ಸಂಜೆ ಸ್ಟೇಶಾ ದೀಪ ಹಚ್ಚಿ ಕೂತಿದ್ದಳು. ಬಾಗಿಲು ತಟ್ಟಿದ ಸದ್ದಾಯಿತು. ದಿಂಬಿನ ಚೀಲ ಹಾಕಿದ ಒಬ್ಬ ಎಡಗಾಲು ಕುಂಟದೆ, ಗೂರಲಿನ ಉಸಿರು ಎಳೆಯುತ್ತಾ ಬಂದ. ಬಾತುಕೋಳಿಯ ಹಾಗೆ ಕುಣಿದ. ಚೀಲದ ಕೆಳಗೆ ಉದ್ದ ಮೂಗು ಎದ್ದು ಕಾಣುತ್ತಿತ್ತು.

ಈ ಮೂಗು ಅವಳ ಬೆರಳಿಗೆ ಗುರುತಿತ್ತು. “ಪಾರ್ಡಿ ಸಾಹೇಬ್ರೇ!” ಅಂತ ಖುಷಿಯಿಂದ ಕೂಗಿ, ಚೀಲದ ಮೇಲಿಂದಲೇ ಹಿಡಿದು ಮೆತ್ತಗೆ ಎಳೆದಳು.

ಮೂಗು ಕೈಗೇ ಬಂತು. ಬ್ರೆಡ್ಡಿನ ಹಿಟ್ಟಿನದು, ಒಲೆಯಲ್ಲಿ ಹದವಾಗಿ ಬೇಯಿಸಿದ್ದು.

“ನೀನು ಸೋತೆ ಅತ್ತಿಗೆ!” ಅಂತು ಚೀಲ.

ಮಾರನೇ ದಿನ ಮಧ್ಯಾಹ್ನ ಅವಳು ಟೀ ಜೊತೆಗೆ ಆ ಮೂಗನ್ನೂ ತೆಗೆದುಕೊಂಡು ಅಟ್ಟಕ್ಕೆ ಇಳಿದಳು. ಪೀಪಾಯಿಯ ಮೇಲೆ ಕೂತು, ಮೂಗಿಗೆ ಬೆಣ್ಣೆ ಹಚ್ಚಿ, ಟೀಯಲ್ಲಿ ಅದ್ದಿ ಅದ್ದಿ ತಿನ್ನುತ್ತಾ, ನಡೆದದ್ದೆಲ್ಲ ಮೊದಲಿಂದ ಫಿಂಟನ್‌ಗೆ ಹೇಳಿದಳು. ಲೋಟದ ಒಂದು ಕಡೆಯಿಂದ ಟೀ ಮೊದಲಿನ ಹಾಗೇ ಚೆಲ್ಲುತ್ತಿತ್ತು.